ಘಾಟಿಲ್ಲದ ತೊಟ್ಟು

ಅವ್ವನ ಒಲೆಯ ಪಕ್ಕದ ಚೀಲದಲ್ಲಿ ಕೈಯಾಡಿಸಿದ ಸುರೇಖಾ ಗಕ್ಕನೆ ಕೈ ಹಿಂದೆಗೆದಳು. ಮೆಣಸಿನಕಾಯಿ ತೊಟ್ಟು. ಎಲ್ಲಿಂದ ಬಂತು ಎಂದು ಕೇಳಿದಳು.

"ಸುನೀಲಕುಮಾರ ಸಾವಕಾರ್ರು ಕೊಟ್ಟಾರವಾ, ಓಣ್ಯಾಗ ಎಲ್ಲಾರಿಗೂ ಪುಕ್ಕಟ. ಒಟ್ಟ ಘಾಟ ಇಲ್ಲ ನೋಡು," ಎಂದಳು ದುರಗವ್ವ. ಬ್ಯಾಡಗಿಯಲ್ಲಿ ಮೂವತ್ತು ವರ್ಷ ತೊಟ್ಟು ಮುರಿದ ಕೈ ಅವಳದು. ತೊಟ್ಟು ಒಲೆಗೆ ಬಿದ್ದರೆ ಓಣಿಗೆ ಓಣಿಯೇ ಕೆಮ್ಮುತ್ತಿತ್ತು. ಇದು ಒಳ್ಳೆ ಕಟ್ಟಿಗೆಯಂತೆ ಉರಿಯುತ್ತಿತ್ತು. ಅದರ ಬೂದಿಯಲ್ಲಿ ತಿಕ್ಕಿದ ಪಾತ್ರೆಗಳು ಗೋಡೆಗೆ ಸಾಲಾಗಿ ಒರಗಿದ್ದವು.

ಘಾಟು ಎಲ್ಲಿಂದ ಬರಬೇಕು? ಈ ತೊಟ್ಟು ವಾರಗಟ್ಟಲೆ ರಾಣೇಬೆನ್ನೂರಿನಲ್ಲಿರುವ ಸುನೀಲಕುಮಾರನ ಕಾರ್ಖಾನೆಯ ಡ್ರಮ್ಮುಗಳಲ್ಲಿ ನೆನೆದದ್ದು. ಕಬ್ಬಿಣಕ್ಕೆ ಕ್ರೋಮಿಯಂ ಲೇಪಿಸಿ ಉಳಿದ ಹಳದಿ ನೀರು ಇದರ ಮೂಲಕ ಹಾದು ತಿಳಿಯಾಗಿ ಹಳ್ಳ ಸೇರುತ್ತಿತ್ತು. ಬಿಸಾಡುವ ತೊಟ್ಟು ವಿಷ ಹೀರುತ್ತದೆಂದು ಎಂ.ಎಸ್ಸಿ. ಓದುವಾಗ ತೋರಿಸಿಕೊಟ್ಟು, ಈ ಕಾರ್ಖಾನೆಗೆ ವರದಿ ಬರೆದುಕೊಟ್ಟವಳು ಸುರೇಖಾಳೇ. ಹೀರಿದ ವಿಷ ತೊಟ್ಟಿನಲ್ಲೇ ಉಳಿಯುತ್ತದೆ. ಸುಟ್ಟರೆ ಬೂದಿಯಲ್ಲಿ ಕೂರುತ್ತದೆ. ಅವ್ವನಿಗೆ ಇಷ್ಟು ಹೇಳಿ, ಓಣಿಗೆಲ್ಲ ತಿಳಿಸಲು ಸೂಚಿಸಿ, ಒಲೆಗೆ ನೀರು ಸುರಿದು, ಚೀಲ ಹೊತ್ತು ರಾಣೇಬೆನ್ನೂರಿನ ಬಸ್ಸು ಹತ್ತಿದಳು.

ಸುನೀಲಕುಮಾರ ನಗುತ್ತಲೇ ಅವಳ ವರದಿ ತೆಗೆದು ಕಡೆಯ ಪುಟದ ಮೇಲೆ ಬೆರಳಿಟ್ಟ.

"ಬಳಸಿದ ತೊಟ್ಟನ್ನು ಸುಡಬೇಕು ಅಂತ ನೀನ ಬರದೀಯಲ್ಲ ತಂಗಿ. ಸುಡಸಾಕತ್ತೇವಿ. ಎಲ್ಲಿ ಸುಡಬೇಕಂತ ಬರದಿಲ್ಲ."

ಅದಕ್ಕೆಂದೇ ಕುಲುಮೆ ಬೇಕು, ಬೂದಿಯನ್ನು ಸಿಮೆಂಟಿನಲ್ಲಿ ಹೂಳಬೇಕು ಎಂದು ಇದೇ ಕೋಣೆಯಲ್ಲಿ ನಿಂತು ಹೇಳಿದ್ದಳು. ಬರೆದಿರಲಿಲ್ಲ, ಅಷ್ಟೇ. ಆ ಒಂದು ಸಾಲಿನ ಸಂದಿಯಲ್ಲಿ ಇವನು ಒಂದು ಓಣಿಯನ್ನೇ ತೂರಿಸಿಬಿಟ್ಟಿದ್ದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದೆಂದರೆ ಇದೇ. ಸುರೇಖಾ ಚೀಲ ಎತ್ತಿ ತೊಟ್ಟನ್ನೆಲ್ಲ ಅವನ ಮೇಜಿನ ಮೇಲೆ ಸುರಿದಳು. ಅವನು ಕುರ್ಚಿ ಸಮೇತ ಗೋಡೆಯತನಕ ಸರಿದು ಮೂಗಿಗೆ ಕರವಸ್ತ್ರ ಹಿಡಿದ. ಗೊತ್ತಿತ್ತು, ಎಲ್ಲ ಗೊತ್ತಿತ್ತು ಆ ಮಹಾನುಭಾವನಿಗೆ.

"ನಾಳೆ ಓಣೀ ಚೀಲಾ ಎಲ್ಲಾ ಇಲ್ಲಿಗೇ ಬರತಾವ್ರಿ. ಬೂದಿ ಸಮೇತ," ಎಂದು ಹೊರಬಿದ್ದಳು.

ಮನೆಗೆ ಬಂದಾಗ ಓಣಿಯ ಹೆಂಗಸರು ಚೀಲಗಳನ್ನು ಅಂಗಳಕ್ಕೆ ತಂದು ಒಟ್ಟಿದ್ದರು. ಒಲೆಗಳೆಲ್ಲ ಆರಿದ್ದವು. ಬೂದಿ ಹತ್ತಿದ ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದ ದುರಗವ್ವ ಮಗಳತ್ತ ತಲೆಯೆತ್ತಿದಳು.

"ಘಾಟ ಇದ್ದದ್ದ ಚಲೋ ಇತ್ತವಾ. ಕೆಮ್ಮಿಸಿ ಹೇಳತಿತ್ತು."