ಯಾರ ಮನೆಯ ಇಲಿ?

ಏಸಿ ಸರಿಮಾಡಲೆಂದು ಬಿಟ್ಟಿದ್ದ ಹೊಸ ಕಾರು ಎರಡು ವಾರದಿಂದ ಸರ್ವಿಸ್ ಸೆಂಟರಿನಲ್ಲೇ ಬಿದ್ದಿತ್ತು. ಬೆಳಗಾದರೆ ಮಗಳನ್ನು ಹೆರಿಗೆಗೆ ಕರೆತರಬೇಕು. ಒಯ್ಯಲು ಬಂದರೆ ಕಾರು ಸ್ಟಾರ್ಟೇ ಆಗುತ್ತಿಲ್ಲ. ಯಜಮಾನ ನಿಂತಲ್ಲಿ ನಿಲ್ಲಲಾರದೆ ಅದಕ್ಕೆ ಪ್ರದಕ್ಷಿಣೆ ಹಾಕತೊಡಗಿದ.

"ವೈರೆಲ್ಲಾ ಇಲಿ ಕಡಿದಿದೆ ಸಾರ್. ಇದಕ್ಕೆ ವಾರಂಟಿ ಬರಲ್ಲ," ಎಂದ ಸೂಪರ್‌ವೈಸರ್.

"ರೀ, ತಂದು ಬಿಟ್ಟಾಗ ಚೆನ್ನಾಗಿತ್ತಲ್ರೀ! ಇಲ್ಲೇ ಕಡಿದಿರೋದು."

"ಇಲ್ಲಿ ಇಲಿ ಎಲ್ಲಿಂದ ಬರ್ಬೇಕು ಸಾರ್? ನಿಮ್ಮನೇದೇ ಇರುತ್ತೆ."

"ನಮ್ಮನೇಲಿ ಎರಡು ಬೆಕ್ಕಿದೆ ಕಣ್ರೀ!"

"ಬೆಕ್ಕಿಗೆ ನಾವು ಗ್ಯಾರಂಟಿ ಕೊಡಕ್ಕಾಗುತ್ತಾ ಸಾರ್?"

ಸಿಟ್ಟು ನೆತ್ತಿಗೇರಿ, ಯಜಮಾನ ತಾನೇ ಬಾನೆಟ್ಟಿನೊಳಗೆ ಕೈಹಾಕಿ ಅಲ್ಲಿದ್ದ ಇಲಿಗೂಡನ್ನು ಎಳೆದು ತೆಗೆದ. ಕಾಗದದ ಚೂರುಗಳ ನಡುವಿಂದ ಗುಲಾಬಿ ಕಸೂತಿಯ ಕರ್ಚೀಫೊಂದು ಜೋತುಬಿತ್ತು.

ಸೂಪರ್‌ವೈಸರನ ಮುಖ ಅರಳಿತು.

"ಅರೆ, ನನ್ನ ಹೆಂಡ್ತಿ ಹೊಲಿದಿದ್ದು! ಹೋದ ವಾರದಿಂದ ಇಲ್ಲೆಲ್ಲಾ ಹುಡುಕ್ತಿದ್ದೆ ಸಾರ್!"