ಐದು ಜನ, ಎರಡು ಬಚ್ಚಲು, ಗಡಸು ನೀರು

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಆ ಹೊತ್ತು ಮನೆಯೊಳಗೆ ಇದ್ದವರು ಇಬ್ಬರೇ, ನಾನಿರಲಿಲ್ಲ. ಅರ್ಧ ಕೇಳಿದ್ದು, ಅರ್ಧ ಊಹಿಸಿದ್ದು. ಹೆಚ್ಚುಕಡಿಮೆಯಾದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಆಕೆ ಹೊರಡಲೆಂದು ಮುಂಬಾಗಿಲು ತೆರೆದಾಗ ಅವನ ಬೆರಳು ಕರೆಗಂಟೆಯ ಮೇಲಿತ್ತು. ಹೆಗಲಲ್ಲಿ ಉದ್ದನೆಯ ಚೀಲ, ಅದರ ಬಾಯಿಂದ ಇಣುಕುವ ದಪ್ಪ ಸ್ಪ್ಯಾನರ್.

"ನೀರಿನ ಟೆಸ್ಟ್ ಅಕ್ಕಾ! ಪೂರ್ತಿ ಫ್ರೀ! ಗಡಸಾ, ಮೆದುವಾ, ಐದೇ ನಿಮಿಷದಲ್ಲಿ ಹೇಳ್ತೀನಿ!"

ಬೀದಿಗೆಲ್ಲ ಕೇಳುವ ಗಂಟಲು. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವರು ಇತ್ತ ಕತ್ತು ಹೊರಳಿಸತೊಡಗಿದರು. ಬಾಗಿಲಲ್ಲಿ ನಿಂತು ಜಗ್ಗಾಡಿದರೆ ನಾಲ್ಕು ಜನ ಸೇರುತ್ತಾರೆ.

"ಮೆಲ್ಲಗೆ ಮಾತಾಡಿ. ಒಳಗೆ ಬನ್ನಿ," ಎಂದಳು. ಅಂದ ಮರುಕ್ಷಣವೇ ಕೈಯ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದಳು.

ಆಕೆಯ ಕೈಯಲ್ಲಿದ್ದ ಬಟ್ಟೆಚೀಲದಲ್ಲಿ, ಎರಡು ಹಳೇ ಸೀರೆಗಳ ನಡುವೆ, ಆ ಮನೆಯ ಚಿನ್ನವೆಲ್ಲ ಇತ್ತು. ವರ್ಷಗಟ್ಟಲೆ ಬೀರುವಿನಲ್ಲಿದ್ದದ್ದು. ಅದನ್ನು ಒಂದು ಕಡೆ ಮುಟ್ಟಿಸುವವರೆಗೆ ಆಕೆಗೆ ಸಮಾಧಾನವಿರಲಿಲ್ಲ. ಈಗ ನೋಡಿದರೆ ಗುರುತುಪರಿಚಯವಿಲ್ಲದ ಗಂಡಸೊಬ್ಬ ನಡುಮನೆಯಲ್ಲಿ ನಿಂತು ಗೋಡೆ, ಕಿಟಕಿ, ಮೂಲೆಗಳನ್ನು ಕಣ್ಣಲ್ಲೇ ಅಳೆಯುತ್ತಿದ್ದಾನೆ.

"ಗುರುತಿನ ಚೀಟಿ ಇದ್ಯಾ?"

ಅವನು ತೋರಿಸಿದ. ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಮಾರಾಟಗಾರ ಎಂದಿತ್ತು. ಫೋಟೋದಲ್ಲಿ ದಪ್ಪ ಮೀಸೆ. ಎದುರಿಗೆ ಬೋಳು ಮೂತಿ.

"ಹೆಂಡತಿ ಹಠ, ಬೋಳಿಸ್ಬಿಟ್ಟೆ," ಎಂದು ನಕ್ಕ. "ನೀವು ನನ್ನ ಗುರುತು ಕೇಳಿದ್ರಿ. ನಾನು ನಿಮ್ದು ಕೇಳಿದ್ನಾ ಅಕ್ಕ?"

ಆಕೆಗೆ ನಗು ಬರಲಿಲ್ಲ.

ದಾರಿ ಕೇಳದೆ ಅವನು ನೇರ ಅಡುಗೆಮನೆಗೆ ನಡೆದ. ಆಕೆ ಚೀಲವನ್ನು ಎದೆಗವಚಿಕೊಂಡು ಹಿಂದೆಯೇ ಹೋದಳು.

"ಈ ಮನೆ ಮೊದ್ಲೇ ನೋಡಿದ್ದೀರಾ?"

"ಎಲ್ಲಾ ಮನೇನೂ ಒಂದೇ ಥರ. ನಾಲ್ಕು ಮನೆ ಹೊಕ್ಕವನಿಗೆ ಐದನೇದು ತಾನಾಗೇ ತಿಳಿಯುತ್ತೆ."

"ಅದೂ ನಿಜ," ಎಂದಳು.

ನಲ್ಲಿಯ ಮೂತಿಗೆ ಸುಣ್ಣ ಬಳಿದಂತೆ ಬಿಳಿ ಪೊರೆ ಕಟ್ಟಿತ್ತು. ಅವನು ಅದನ್ನು ಉಗುರಿನಿಂದ ಕೆರೆದ.

"ಸೋಪು ಹಚ್ಚಿದ್ರೆ ನೊರೆ ಬರುತ್ತಾ?"

"ಗೊತ್ತಿಲ್ಲ."

"ಸ್ನಾನಾನೇ ಮಾಡಲ್ವಾ?"

"ಈ ನೀರಲ್ಲಿ ಯಾರು ಮಾಡ್ತಾರೆ!"

ಅವನು ಮೆಚ್ಚಿ ತಲೆದೂಗಿದ. ಪುಟ್ಟ ಸೀಸೆಯಲ್ಲಿ ನೀರು ಹಿಡಿದು ಔಷಧಿ ಬಿಟ್ಟ, ಕೆಂಪಾಯಿತು. ಇನ್ನೊಂದು ಔಷಧಿಯನ್ನು ಹನಿಹನಿಯಾಗಿ ಹಾಕುತ್ತ ಎಣಿಸಿದ. ಇಪ್ಪತ್ತಾರನೆಯ ಹನಿಗೆ ನೀಲಿಯಾಯಿತು.

"ಇದು ನೀರಲ್ಲ ಅಕ್ಕ, ಕರಗಿದ ಕಲ್ಲು." ನಮೂನೆಯ ಹಾಳೆ ತೆಗೆದ. "ಮನೇಲಿ ಎಷ್ಟು ಜನ?"

ಆಕೆಯ ಕಣ್ಣು ನಡುಮನೆಯ ಗೋಡೆಯಲ್ಲಿದ್ದ ಮನೆಮಂದಿಯ ಫೋಟೋ ಕಡೆ ಹೊರಳಿತು. "ಐದು."

"ಬಚ್ಚಲು?"

"ಎರಡು."

"ಯಾವ ಹೊತ್ತಲ್ಲಿ ಯಾರೂ ನೀರು ಮುಟ್ಟಲ್ಲ? ಆವಾಗ ಮಷೀನು ಉಪ್ಪುನೀರಲ್ಲಿ ತನ್ನನ್ನ ತಾನೇ ತೊಳ್ಕೊಳ್ಳುತ್ತೆ."

"ಹತ್ತರಿಂದ ಎರಡು. ಒಬ್ರೂ ಇರಲ್ಲ."

"ನೀವು?"

"ನಾನೂ ಇರಲ್ಲ."

ಅವನು ಅದನ್ನು ಬರೆದುಕೊಂಡು ಅಡಿಗೆರೆ ಎಳೆದ. ಆಕೆ ಆ ಅಡಿಗೆರೆಯನ್ನೇ ನೋಡಿದಳು. ಎಂಥ ಮಾತನ್ನು ಎಂಥವನಿಗೆ ಹೇಳಿಬಿಟ್ಟೆ!

"ಪೈಪು ಒಳಗೆ ಬರೋದು ಹಿತ್ತಿಲ ಕಡೆಯಿಂದ ತಾನೇ? ಬಾಗಿಲ ಪಕ್ಕ ಮಷೀನು ಕೂರುತ್ತಾ?"

"ಕೂರುತ್ತೆ. ಆ ಬಾಗಿಲ ಚಿಲಕ ಸಡಿಲ, ತಳ್ಳಿದ್ರೆ..." ಆಕೆ ತುಟಿ ಕಚ್ಚಿಕೊಂಡಳು.

"ತಳ್ಳಿದ್ರೆ ತೆರ್ಕೊಳ್ಳುತ್ತೆ ಅನ್ನಿ," ಎಂದು ಅದನ್ನೂ ಬರೆದುಕೊಂಡ.

ಆಕೆಗೆ ಅವನನ್ನು ಬೇಗ ಮುಗಿಸಿ ಕಳಿಸಿದರೆ ಸಾಕಾಗಿತ್ತು. ಅವನು ಮೂರು ಬಗೆಯ ಯಂತ್ರಗಳ ಚಿತ್ರ ಹರಡಿದ. ಆಕೆ ಎಲ್ಲಕ್ಕಿಂತ ದೊಡ್ಡದರ ಮೇಲೆ ಬೆರಳಿಟ್ಟಳು. ಆ ತಿಂಗಳು ಒಂದೂ ಮಾರದೆ ಮಾಲೀಕನಿಂದ ಉಗಿಸಿಕೊಂಡಿದ್ದವನಿಗೆ ನಂಬಲಾಗಲಿಲ್ಲ.

"ಯಜಮಾನ್ರನ್ನ ಒಂದ್ಮಾತು ಕೇಳ್ಬೇಕಲ್ವಾ?"

"ಅವ್ರಿಗೆ ಹೇಗೂ ಗೊತ್ತಾಗುತ್ತೆ."

"ಕುಡಿಯೋ ನಲ್ಲಿಗೆ ಸೇರ್ಸಲ್ಲ. ಬಚ್ಚಲಿಗೆ, ಬಟ್ಟೆ ಒಗೆಯೋದಕ್ಕೆ ಮಾತ್ರ. ನಾಳೆ ಹನ್ನೊಂದಕ್ಕೆ ತರ್ಲಾ? ಯಾರೂ ಇರಲ್ಲ ಅಂದ್ರಿ..."

"ನಾಳೆ ಎಲ್ರೂ ಮನೇಲೇ ಇರ್ತಾರೆ."

ಕೋಳಿ ಕೆದರಿದಂತೆ ಒಂದು ಸಹಿ ಹಾಕಿದಳು. ಇಬ್ಬರೂ ಹೊರಬಂದರು. ಎಳೆದರೆ ತಾನೇ ಬೀಗ ಬೀಳುವ ಬಾಗಿಲು, ಎಳೆದಳು. ಅಷ್ಟರಲ್ಲಿ ಅವನ ಕೈ ಚೀಲದ ಮೇಲೆ ಬಿತ್ತು.

"ಭಾರ ಇದೆ, ಕೊಡಿ ಅಕ್ಕ."

"ಬೇಡ!"

"ಕೊಡಿ ಅಂದ್ರೆ!"

ಕಿತ್ತುಕೊಂಡೇಬಿಟ್ಟ. ದಾಪುಗಾಲು ಹಾಕುತ್ತ ಬೀದಿಯ ತಿರುವಿಗೆ ನಡೆದ. ಆಕೆ ಏದುಸಿರು ಬಿಡುತ್ತ ಹಿಂದೆ ಓಡಿದಳು. ಕೂಗಿಕೊಳ್ಳಲು ಬಾಯಿ ತೆರೆದವಳು ಕೂಗಲಿಲ್ಲ. ತಿರುವಿನಲ್ಲಿ ಅವನು ಆಟೋ ನಿಲ್ಲಿಸಿ, ಚೀಲವನ್ನು ಸೀಟಿನ ಮೇಲೆ ಮಗುವನ್ನು ಕೂರಿಸಿದಂತೆ ಕೂರಿಸಿದ. "ಜೋಪಾನ ಅಕ್ಕ, ಕಾಲ ಸರಿ ಇಲ್ಲ."

ಆಟೋ ಹೊರಟ ಮೇಲೆಯೇ ಆಕೆಗೆ ಹೋದ ಜೀವ ಬಂದದ್ದು.

ಮರುದಿನ ಹನ್ನೊಂದಕ್ಕೆ ಅವನು ಯಂತ್ರ, ಎರಡು ಮೂಟೆ ಉಪ್ಪಿನೊಂದಿಗೆ ಬಂದಿಳಿದ. ಮುಂಬಾಗಿಲು ಹಾರುಹೊಡೆದಿತ್ತು. ಹೊಸ್ತಿಲ ಬಳಿ ಐದು ಜೊತೆ ಚಪ್ಪಲಿ, ಎರಡು ಜೊತೆ ಪೊಲೀಸ್ ಬೂಟು. ಒಳಗೆ ಬರಿದಾದ ಬೀರುವಿನ ಮುಂದೆ ಒಬ್ಬ ಹೆಂಗಸು ಗೋಳಾಡುತ್ತಿದ್ದಳು.

"ಮಷೀನ್ ಬಂದಿದೆ, ಮನೆಯೋರನ್ನ ಕರೀರಿ," ಎಂದ.

ಅಳುತ್ತಿದ್ದವಳು ತಲೆ ಎತ್ತಿದಳು. ಅವನು ಜನ್ಮದಲ್ಲಿ ಕಂಡಿರದ ಮುಖ.

"ಮನೆಯೋಳು ನಾನೇ. ಯಾವ ಮಷೀನು?"

ಪೊಲೀಸರು ಅವನ ಹಾಳೆಯನ್ನು ಎರಡು ಸಲ ಓದಿದರು. ಜನ, ಬಚ್ಚಲು, ಹತ್ತರಿಂದ ಎರಡು, ಸಡಿಲ ಚಿಲಕ, ಒಂದೂ ತಪ್ಪಿರಲಿಲ್ಲ. ನೀರೂ ಗಡಸೇ, ಹಾಗಾಗಿ ತಿಂಗಳ ಮೇಲೆ ಆ ಮನೆಯವರು ಯಂತ್ರವನ್ನು ಹಾಕಿಸಿಕೊಂಡರು. ಸಹಿ ಯಾರದೆಂದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ, ನನಗೂ ಗೊತ್ತಿಲ್ಲ.