ಕುತ್ತಿಗೆಯ ಗಂಟು

ಡಾಕ್ಟರರು ಕುತ್ತಿಗೆಯ ಗಂಟನ್ನು ಒತ್ತಿದೊಡನೆ ನೀಲವ್ವನಿಗೆ ಕಿರುಬೆರಳಿನ ತನಕ ಜುಮ್ಮೆಂದಿತು.

“ಕೈಗೆ ಏನರ ಆತೇನವ್ವಾ?”

“ಇಲ್ರಿ,” ಎಂದಳು. ಗಂಟಿನ ಬೇನೆ ಕೈಗಿಳಿದರೆ ಹೆಂಗಸು ಉಳಿಯುವುದಿಲ್ಲವೆಂದು ಇಳಕಲ್ಲಿನ ಅವರ ಓಣಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಬಾಗಿಲ ಬಳಿ ಅತ್ತೆ ಗುರುಲಿಂಗವ್ವ ಎಳೆಗೂಸನ್ನು ಎತ್ತಿಕೊಂಡು ನಿಂತಿದ್ದಳು.

ಡಾಕ್ಟರರು ಕೈ ತೆಗೆದರು. “ಹಂಗಾದ್ರ ಕ್ಷಯದ ಗಂಟ ಇರಬಹುದು. ಖಾತ್ರಿ ಆಗೂತನಕ ಕೂಸನ್ನ ದೂರ ಇಡ್ರಿ.”

“ನಾ ಅಂದಿದ್ದಿಲ್ಲೇನ, ಇದು ಗಂಡಮಾಲಿ ರೋಗನ ಅಂತ!” ಗುರುಲಿಂಗವ್ವ ಕೂಸನ್ನು ಎದೆಗವುಚಿಕೊಂಡು ಹೊಸ್ತಿಲು ದಾಟಿದಳು. ಹಸಿದ ಕೂಸು ಚೀರಿತು. ಆ ದನಿಗೆ ನೀಲವ್ವನ ಕುಪ್ಪಸ ಹಾಲಿನಿಂದ ತೊಯ್ದು ಹೋಯಿತು.

“ಸುಳ್ಳ ಹೇಳಿದ್ನ್ರಿ ಸಾಹೇಬ್ರ! ಒತ್ತಿದ್ರ ಕೈ ಜುಮ್ ಅಂತೈತ್ರಿ. ಮಗ್ಗದಾಗ ಕುಂತಾಗ ಲಾಳಿ ಜಾರಿ ಬೀಳ್ತೈತಿ. ಸಾಯೂದಿದ್ರ ಸಾಯ್ತೇನಿ, ಆದ್ರ ಕೂಸನ್ನ ಕಸಗೋಬ್ಯಾಡ್ರಿ!”

ಡಾಕ್ಟರರು ಗಂಟನ್ನು ಮತ್ತೆ ಹಿಡಿದು ನೋಡಿದರು. ಅದು ಎಡಕ್ಕೂ ಬಲಕ್ಕೂ ಸರಿಯಿತು, ಮೇಲೆ ಕೆಳಗೆ ಮಾತ್ರ ಅಲುಗಲಿಲ್ಲ. ಅವರ ಹುಬ್ಬಿನ ಗಂಟು ಸಡಿಲಾಯಿತು. “ಇದನ್ನ ಮೊದಲ ಹೇಳಬಾರದೇನ ಹುಚ್ಚಿ? ಇದು ಕೈಗೆ ಹೋಗೂ ನರದ ಹೊದಿಕ್ಯಾಗ ಬೆಳದ ಗಂಟು. ಜೀವ ತಗಿಯೂದಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತೂದೂ ಅಲ್ಲ. ಹುಬ್ಬಳ್ಳ್ಯಾಗ ತೆಗಸೂಣು. ಮೊದಲ ಕೂಸಿಗೆ ಹಾಲ ಕುಡಸು.”

ಗುರುಲಿಂಗವ್ವ ಒಳಗೆ ಬಂದು ಕೂಸನ್ನು ಸೊಸೆಯ ಮಡಿಲಿಗಿಟ್ಟಳು. ಆಮೇಲೆ ಡಾಕ್ಟರರಿಗೆ ಬೆನ್ನು ಮಾಡಿ ನಿಂತು, ತನ್ನ ಸೆರಗನ್ನು ಅಗಲಿಸಿ ಮರೆ ಹಿಡಿದಳು.